ಯಾಸೆಮಿಗೆ ಕಟ್ಟಿದ ಮನೆ

ನಾಕ್ಸೋಸ್ ದ್ವೀಪ
12 ಅಕ್ಟೋಬರ್ 1986

ನನ್ನ ಚಿನ್ನದಂಥ ಯಾಸೆಮಿ,

ಕಾಗದ ಬರೆದುಕೊಂಡು ಕೂರುವ ಬದಲು ಫೋನ್ ಮಾಡಬಾರದೇ ಎಂದು ಕೇಳಿದ್ದೀಯ. ಊರಿಗಿರುವ ಫೋನು ಕಾಫಿ ಅಂಗಡಿಯ ಗಲ್ಲಾದ ಪಕ್ಕದಲ್ಲಿದೆ. ನಾನು ಹಲೋ ಎಂದರೆ ಸಾಕು, ಇಸ್ಪೀಟಾಡುವ ಗಂಡಸರೆಲ್ಲ ಎಲೆಗಳನ್ನು ಮಗುಚಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ನನ್ನ ಮಗಳಿಗೆ ಶೀತವೋ ಕೆಮ್ಮೋ ಅವರಿಗೇಕೆ? ಅದಕ್ಕೇ ಕಾಗದ. ಆಲೂಗಡ್ಡೆ ಲಾರಿಯವನ ಕೈಯಲ್ಲಿ ಒಂದು ಗುಂಡು ಚೀಸು ಕಳಿಸಿದ್ದೇನೆ. ನಿನ್ನ ಮ್ಯೂಸಿಯಂನವರಿಗೆಲ್ಲ ಹಂಚಿಬಿಡಬೇಡ, ನೀನೂ ಸ್ವಲ್ಪ ತಿನ್ನು.

ಈಗ ವಿಷಯಕ್ಕೆ ಬರುತ್ತೇನೆ. ಬರುವ ತಿಂಗಳಿಗೆ ನಿನ್ನಪ್ಪ ಹೋಗಿ ಮೂರು ವರ್ಷ. ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿಗಳು ನನ್ನನ್ನು ಪಕ್ಕಕ್ಕೆ ಕರೆದರು.

"ಕಲಿರೋಯಿ, ಯಾಕೊವೋಸ್‌ನ ಯಾವಾಗ ಮೇಲಕ್ಕೆ ತೆಗೀತೀಯಮ್ಮ? ಜಾಗ ಸಾಲ್ತಾ ಇಲ್ಲ."

"ಮಗಳು ಬರ್ಲಿ ಸ್ವಾಮಿ. ಅವಳಿಗಿಂತ ಚೆನ್ನಾಗಿ ಮೂಳೆ ಹಿಡಿಯೋರು ಈ ದ್ವೀಪದಲ್ಲೇ ಇಲ್ಲ" ಎಂದೆ.

ನಮ್ಮ ಸ್ಮಶಾನ ಅಂಗೈಯಗಲ. ಮೂರು ವರ್ಷ ಮಲಗಿದವರು ಎದ್ದು, ವೈನಿನಲ್ಲಿ ತೊಳೆಸಿಕೊಂಡು, ಪೆಟ್ಟಿಗೆ ಸೇರಿ, ಪಕ್ಕದ ಮೂಳೆಮನೆಯಲ್ಲಿ ಸಾಲಾಗಿ ಕೂರಬೇಕು. ನನ್ನಮ್ಮನನ್ನು ನಾನೇ ತೊಳೆದೆ, ನನ್ನತ್ತೆಯನ್ನೂ ತೊಳೆದೆ. ಅದರಲ್ಲಿ ನನಗೆ ಭಯವಿಲ್ಲ. ಭಯ ಹುಟ್ಟಿಸಿದವಳು ನಿನ್ನ ಪೊಲಿಕ್ಸೇನಿ ಅತ್ತೆ. ತಮ್ಮನ ಗೋರಿಗೆ ಎಣ್ಣೆದೀಪ ಹಚ್ಚಲು ಬಂದವಳು ಎಲ್ಲರ ಎದುರಿಗೇ ಅಂದಳು: "ಕರಗಿರ್ತಾನೋ ಇಲ್ವೋ. ಮನಸ್ಸಿನಲ್ಲಿ ಯಾರಾದ್ರೂ ಸಿಟ್ಟು ಇಟ್ಕೊಂಡಿದ್ರೆ ಮಣ್ಣು ಮುಟ್ಟಲ್ಲ ಅಂತಾರೆ."

ಯಾರು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ನೀನು ಬಾ, ಮಗಳೇ. ನವೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕು.

ನಿನ್ನನ್ನು ಕಣ್ಣಿಗೊತ್ತಿಕೊಳ್ಳುವ,
ಅಮ್ಮ


ಥೆಸಲೊನೀಕಿ
9 ನವೆಂಬರ್ 1986

ಪ್ರೀತಿಯ ಅಮ್ಮ,

ಚೀಸು ಬಂತು. ಮೂರು ದಿನ ಅಡಗಿಸಿಟ್ಟೆ, ನಾಲ್ಕನೇ ದಿನ ವಾಸನೆ ನನ್ನನ್ನು ಹಿಡಿದುಕೊಟ್ಟಿತು. ಈಗ ಕೋಣೆಯಲ್ಲಿರುವವರೆಲ್ಲ ನಿನ್ನ ಹೆಸರೆತ್ತಿ ಹರಸುತ್ತಿದ್ದಾರೆ.

ಈ ತಿಂಗಳು ಬರಲಾಗುವುದಿಲ್ಲ. ಊರಾಚೆ ರಸ್ತೆ ಅಗಲ ಮಾಡುವಾಗ ಹಳೆಯ ಸ್ಮಶಾನವೊಂದು ಸಿಕ್ಕಿದೆ, ಚಳಿಗಾಲ ಹಿಡಿಯುವ ಮೊದಲು ಅಗೆದು ಮುಗಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ಮಂಡಿಯೂರಿರುತ್ತೇನೆ. ನಿನ್ನೆ ಒಬ್ಬ ಹೆಂಗಸು ಸಿಕ್ಕಳು. ಅಲೆಕ್ಸಾಂಡರನಿಗಿಂತ ಹಿಂದಿನವಳು. ಪಕ್ಕದಲ್ಲಿ ಮಣ್ಣಿನಲ್ಲಿ ಮಾಡಿದ ಒಂದು ದಾಳಿಂಬೆ ಇಟ್ಟಿದ್ದರು. ನಿನ್ನ ತಿಥಿಯ ಗೋಧಿ ನೆನಪಾಯಿತು. ಬೇಯಿಸಿದ ಗೋಧಿಗೆ ನೀನು ಬಿಡಿಸಿ ಹಾಕುವ ದಾಳಿಂಬೆ ಕಾಳುಗಳು ಎಲ್ಲಿಂದ ಬಂದವು ಎಂದು ಪಾದ್ರಿಗಳನ್ನು ಕೇಳಿದರೆ ಬೈಬಲ್ ತೋರಿಸುತ್ತಾರೆ. ನನ್ನನ್ನು ಕೇಳಿದರೆ ಈ ಹೆಂಗಸನ್ನು ತೋರಿಸುತ್ತೇನೆ.

ಅತ್ತೆಯ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ದೇಹ ಕರಗುವುದಕ್ಕೂ ಸಿಟ್ಟಿಗೂ ಸಂಬಂಧವಿಲ್ಲ. ಮರಳು ನೆಲದಲ್ಲಿ ಬೇಗ ಕರಗುತ್ತದೆ, ಜಿಗುಟು ನೆಲದಲ್ಲಿ ನೀರು ನಿಂತು ತಡವಾಗುತ್ತದೆ. ಅಪ್ಪನನ್ನು ಮಲಗಿಸಿರುವ ಮೂಲೆ ಜಿಗುಟು ನೆಲ. ಮೂಳೆ ಕಪ್ಪಾಗುವುದು ಪಾಪದಿಂದಲ್ಲ, ಮಣ್ಣಿನಲ್ಲಿರುವ ಲೋಹದಿಂದ. ಅದಕ್ಕೇ ಹೇಳುತ್ತೇನೆ, ಇನ್ನೆರಡು ವರ್ಷ ಬಿಡು. ನೆಲಕ್ಕೆ ಅದರ ಸಮಯ ಕೊಡಬೇಕು. ಪಾದ್ರಿಗಳಿಗೆ ನಾನು ಬೇಕಾದರೆ ಬರೆಯುತ್ತೇನೆ.

ನಿನ್ನ ಮಂಡಿನೋವು ಹೇಗಿದೆ? ಮುಲಾಮು ಕಳಿಸಿದ್ದೇನೆ. ಅತ್ತೆಗೆ ಹಚ್ಚಲು ಕೊಡಬೇಡ, ಪೂರ್ತಿ ಖಾಲಿ ಮಾಡುತ್ತಾರೆ.

ನಿನ್ನ,
ಯಾಸೆಮಿ


ನಾಕ್ಸೋಸ್
30 ನವೆಂಬರ್ 1986

ಮಗಳೇ,

ಮಣ್ಣಿನ ಬಗ್ಗೆ ಒಂದು ಪುಟ ಬರೆದಿದ್ದೀಯ. ಎರಡು ಸಲ ಓದಿದೆ. ಜಿಗುಟು ನೆಲ, ಮರಳು ನೆಲ, ಲೋಹ ಎಲ್ಲ ಇತ್ತು. ನಿನ್ನಪ್ಪ ಎಲ್ಲೂ ಇರಲಿಲ್ಲ.

ನಾನು ಹೆಚ್ಚು ಓದಿದವಳಲ್ಲ ನಿಜ, ಆದರೆ ನಿನ್ನನ್ನು ಹೆತ್ತವಳು. ನೀನು ಬಾರದಿರುವುದು ಕೆಸರಿನಿಂದಲೂ ಅಲ್ಲ, ರಜೆಯಿಂದಲೂ ಅಲ್ಲ. ಏಳು ವರ್ಷದಿಂದ, ನಿನ್ನಪ್ಪ ನಿನಗೆಂದು ಕಟ್ಟಿದ ಆ ಮನೆಯ ಹೆಸರನ್ನು ನಮ್ಮಿಬ್ಬರಲ್ಲಿ ಯಾರೂ ಎತ್ತಿಲ್ಲ. ಇವತ್ತು ನಾನೇ ಎತ್ತುತ್ತೇನೆ.

ಅದು ಮೇರಿಮಾತೆಯ ಹಬ್ಬ. ಊರಿಗೆ ಊರೇ ಇಗರ್ಜಿಯಲ್ಲಿತ್ತು. ಹಬ್ಬದ ದಿನ ಕೆಲಸ ಮಾಡುವ ಪಾಪ ನಿನ್ನಪ್ಪ ಅವತ್ತೇ ಮಾಡಿದ್ದು, ಯಾರೂ ನೋಡಬಾರದೆಂದು. ಪಾಯ ತೋಡುವಾಗ ಹಿಂದಿನ ದಿನ ಆ ದೊಡ್ಡ ಮಣ್ಣಿನ ಜಾಡಿ ಸಿಕ್ಕಿತ್ತು. ಒಳಗೆ ಹಕ್ಕಿಯ ಮೂಳೆಯಷ್ಟು ತೆಳ್ಳಗಿನ ಮೂಳೆಗಳು, ಮೂತಿಯಿರುವ ಒಂದು ಪುಟ್ಟ ಲೋಟ. ಮಗು ಎಂದು ನೋಡಿದ ಕೂಡಲೇ ಗೊತ್ತಾಯಿತು. ನಾನು ಶಿಲುಬೆ ಗುರುತು ಹಾಕಿಕೊಂಡೆ. ಅವನು ಸೀದಾ ಕಾಂಕ್ರೀಟ್ ಮಿಕ್ಸರ್ ಬಾಡಿಗೆಗೆ ತರಲು ಹೋದ. ಸರಕಾರದವರಿಗೆ ತಿಳಿದರೆ ಕಟ್ಟುವುದನ್ನು ನಿಲ್ಲಿಸುತ್ತಾರೆ ಎಂಬ ಒಂದೇ ಚಿಂತೆ ಅವನಿಗೆ. ಬಾವಿ ಪಕ್ಕದ ಮನೆಯವರದು ಹಾಗೆ ನಿಂತು, ಗೋಡೆಯ ಮೇಲಿನ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿದು, ಮಗಳ ಮದುವೆಯೇ ಮುರಿಯಿತಲ್ಲ.

ನೀನು ಇಗರ್ಜಿಯಿಂದ ಪ್ರಸಾದದ ರೊಟ್ಟಿ ಹಿಡಿದುಕೊಂಡು ಬೇಗ ಬಂದುಬಿಟ್ಟೆ. ನೀನು ಅಂದಿದ್ದು ನನಗೆ ಈಗಲೂ ಕಿವಿಯಲ್ಲಿದೆ.

"ಅಪ್ಪ, ನಿಲ್ಸು. ಇಲ್ಲಿ ಮಗು ಇದೆ."

"ಈ ದ್ವೀಪದಲ್ಲಿ ಎಲ್ಲಿ ಅಗೆದ್ರೂ ಯಾರಾದ್ರೂ ಇರ್ತಾರೆ. ಸತ್ತೋರಿಗೆಲ್ಲ ಜಾಗ ಬಿಟ್ರೆ ಬದುಕಿರೋರು ಎಲ್ಲಿ ಮಲಗ್ಬೇಕು? ಇದು ನಿನ್ನ ಮನೆ ಕಣೆ, ನಿನಗೆ ಅಂತ ಕಟ್ತಿರೋದು."

"ಇದು ಆಗ್ಲೇ ಯಾರದೋ ಮನೆ ಆಗಿದೆಯಪ್ಪ" ಎಂದು ರೊಟ್ಟಿಯನ್ನು ಕಲ್ಲಿನ ಮೇಲಿಟ್ಟು ಇಳಿದು ಹೋದೆ. ನಾನು ನಿನ್ನ ಹಿಂದೆ ಓಡಿ ಬಂದೆ. ಹಿಂದಿರುಗಿ ಹೋಗುವಷ್ಟರಲ್ಲಿ ಕಾಂಕ್ರೀಟ್ ಬಿದ್ದಾಗಿತ್ತು.

ಆಮೇಲೆ ನೀನು ಬಂದೆ, ಹೋದೆ, ನಮ್ಮ ಮನೆಯಲ್ಲಿ ಉಂಡೆ, ಅವನ ಕಾಯಿಲೆಯಲ್ಲಿ ಪಕ್ಕದಲ್ಲಿ ಕೂತೆ, ಹೆಣಕ್ಕೆ ಹೆಗಲು ಕೊಡುವವರ ಜೊತೆ ನಡೆದೆ. ಆ ಹೊಸ ಮನೆಯ ಹೊಸ್ತಿಲು ಮಾತ್ರ ತುಳಿಯಲಿಲ್ಲ. ಅವನು ಕಿಟಕಿಗೆ ನೀಲಿ ಬಣ್ಣ ಬಳಿದ, ಅಂಗಳಕ್ಕೆ ಮಲ್ಲಿಗೆ ನೆಟ್ಟ. ಪ್ರತಿ ಬೇಸಿಗೆಯಲ್ಲೂ, "ಈ ಸಲ ಒಳಗೆ ಬರ್ತಾಳೆ ನೋಡು" ಎನ್ನುತ್ತಿದ್ದ. ಆ ಮಾತು ಹೇಳಿಕೊಂಡೇ ಸತ್ತ.

ನೀನು ಅವನ ಮೇಲೆ ದೂರು ಕೊಡಲಿಲ್ಲ. ಕೊಟ್ಟಿದ್ದರೆ ಅವನು ಕೋರ್ಟು ಹತ್ತಬೇಕಿತ್ತು. ಅದು ನಿನ್ನ ದೊಡ್ಡತನ ಎಂದು ನನಗೆ ಗೊತ್ತು. ಆದರೆ ಮಗಳೇ, ದೂರು ಕೊಡದಿರುವುದು ಬೇರೆ, ಕ್ಷಮಿಸುವುದು ಬೇರೆ. ಒಂದೇ ಮಾತಿನಲ್ಲಿ ಹೇಳು. ನಿನ್ನಪ್ಪನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೀಯಾ?

ಅಮ್ಮ


ಥೆಸಲೊನೀಕಿ
18 ಜನವರಿ 1987

ಅಮ್ಮ,

ಕ್ರಿಸ್‌ಮಸ್ಸಿಗೂ ಬರೆಯಲಿಲ್ಲ, ಹೊಸ ವರ್ಷಕ್ಕೂ ಬರೆಯಲಿಲ್ಲ. ನೀನು ಒಂದೇ ಮಾತು ಕೇಳಿದ್ದೆ. ಅದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ಹೌದು, ಇಟ್ಟುಕೊಂಡಿದ್ದೇನೆ.

ನಿನಗೆ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ನೀನು ಕಾಗದ ಮುಟ್ಟಿದರೇ ಸುಳ್ಳು ಹಿಡಿಯುವವಳು. ನನಗೆ ಅಪ್ಪನ ಮೇಲೆ ಪ್ರೀತಿಯಿಲ್ಲ ಎಂದುಕೊಳ್ಳಬೇಡ. ಇಲ್ಲಿ ಬೀದಿಯಲ್ಲಿ ಯಾರಾದರೂ ಗಂಟಲು ಸರಿಮಾಡಿಕೊಂಡರೆ ಅವನೇ ಎಂದು ತಿರುಗಿ ನೋಡುತ್ತೇನೆ. ಪ್ರೀತಿಯೂ ಇದೆ, ಸಿಟ್ಟೂ ಇದೆ. ಒಂದರಿಂದ ಇನ್ನೊಂದು ಕರಗುತ್ತಿಲ್ಲ.

ಆ ಮಗುವಿನ ಬಗ್ಗೆ ನಿನಗೆ ಹೇಳುತ್ತೇನೆ, ಅಪ್ಪನಿಗೆ ಹೇಳಲು ಅವಕಾಶವೇ ಆಗಲಿಲ್ಲ. ಅಂಥ ಜಾಡಿಗಳನ್ನು ನಾನು ಈಗ ತುಂಬ ನೋಡಿದ್ದೇನೆ. ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನವು. ದೊಡ್ಡವರನ್ನು ಊರಾಚೆ ಹೂಳುತ್ತಿದ್ದವರು ಕೂಸುಗಳನ್ನು ಕೆಲವು ಕಡೆ ಮನೆಯ ಹತ್ತಿರವೇ ಇಟ್ಟುಕೊಳ್ಳುತ್ತಿದ್ದರು. ಎಣ್ಣೆ ತುಂಬುವ ಜಾಡಿಯ ಹೊಟ್ಟೆಯನ್ನು ಒಡೆದು, ಮಗುವನ್ನು ಮಲಗಿಸಿ, ಒಡೆದ ಚೂರನ್ನೇ ಬಾಗಿಲಿನ ಹಾಗೆ ಮತ್ತೆ ಮುಚ್ಚುತ್ತಿದ್ದರು. ಆ ಮೂತಿಯ ಲೋಟ ಹಾಲು ಕುಡಿಸುವುದು. ಯಾವುದೋ ತಾಯಿ ಅದನ್ನು ತೊಳೆದು, ಒರೆಸಿ, ಒಳಗಿಟ್ಟಿದ್ದಾಳೆ. ಇನ್ನು ಬೇಕಾಗುವುದಿಲ್ಲ ಎಂದು ಗೊತ್ತಿದ್ದೂ ಇಟ್ಟಿದ್ದಾಳೆ.

ಅಂಥ ಪ್ರತಿಯೊಂದು ಜಾಡಿಯನ್ನು ತೆರೆದಾಗಲೂ ನನಗೆ ನಮ್ಮ ಪಾಯದಲ್ಲಿ ಸಿಕ್ಕಿದ್ದು ಕಾಣುತ್ತದೆ. ಬೇರೆಯವರ ಊರಿನ ಕೂಸುಗಳನ್ನೆಲ್ಲ ಬ್ರಷ್ ಹಿಡಿದು ಜೋಪಾನ ಮಾಡುತ್ತೇನೆ. ನಮ್ಮ ಊರಿನ ಕೂಸಿನ ಮೇಲೆ ಕಾಂಕ್ರೀಟ್ ಇದೆ, ಅದೂ ನನ್ನ ಹೆಸರಿನಲ್ಲಿ. ಅಪ್ಪ ಬೇರೆ ಯಾರಿಗೋ ಕಟ್ಟುವಾಗ ಹೀಗೆ ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ನನಗಾಗಿ ಮಾಡಿದ.

ಈ ಮನಸ್ಸು ಇಟ್ಟುಕೊಂಡು ಅವನ ತಲೆಯನ್ನು ಕೈಯಲ್ಲಿ ಹೇಗೆ ಹಿಡಿಯಲಿ? ಗುರುತಿಲ್ಲದವರ ತಲೆಬುರುಡೆಯನ್ನು ದಿನವೂ ಎತ್ತಿಕೊಂಡು ಒರೆಸಿಡುತ್ತೇನೆ. ಅವನದನ್ನು ಹಾಗೆ ಎತ್ತಿಕೊಳ್ಳಲಾರೆ.

ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡ.

ಯಾಸೆಮಿ


ನಾಕ್ಸೋಸ್
5 ಫೆಬ್ರವರಿ 1987

ನನ್ನ ಚಿನ್ನ,

ಬೇಸರವಿಲ್ಲ. ನಿಜ ಬರೆದಿದ್ದೀಯ, ಅಷ್ಟು ಸಾಕು. ಕಾಗದವನ್ನು ಮೇರಿಮಾತೆಯ ಪಟದ ಹಿಂದೆ ಇಟ್ಟಿದ್ದೇನೆ, ಆಕೆಯೂ ಓದಲಿ.

ಇದೇ 21ಕ್ಕೆ ಆತ್ಮಗಳ ಶನಿವಾರ. ಅವತ್ತು ಬೆಳಿಗ್ಗೆ ಅವನನ್ನು ತೆಗೆಯುತ್ತೇವೆ. ನಾನೂ ನಿನ್ನ ಅತ್ತೆಯೂ ಸಾಕು. ನೀನು ಬರಲೇಬೇಕು ಎಂದು ಕರೆಯುತ್ತಿಲ್ಲ. ಸುಮ್ಮನೆ ದಿನ ತಿಳಿಸುತ್ತಿದ್ದೇನೆ. ಆ ಹೊತ್ತಿಗೆ ನಿನ್ನ ಕೆಸರಿನಲ್ಲಿ ಒಂದು ನಿಮಿಷ ಎದ್ದು ನಿಂತರೆ ಆಯಿತು.

ಗಾಳಿ ಜೋರಾಗಿದೆ, ಹಡಗುಗಳು ಒಂದು ದಿನ ಬಂದರೆ ಎರಡು ದಿನ ಇಲ್ಲ. ಉಣ್ಣೆಯ ಕಾಲುಚೀಲ ಹೆಣೆದು ಮುಗಿಸಿದ್ದೇನೆ. ಅಂಚೆಗೆ ಹಾಕುತ್ತೇನೆ.

ಅಮ್ಮ


ನಾಕ್ಸೋಸ್
1 ಮಾರ್ಚ್ 1987

ನನ್ನ ಮಗಳೇ,

ನೀನು ಹೋಗಿ ಐದು ದಿನವಾಯಿತು. ನೀನೂ ಅಲ್ಲೇ ಇದ್ದೆ, ಆದರೂ ಆ ಬೆಳಗನ್ನು ನಿನಗೆ ಬರೆಯುತ್ತೇನೆ. ಏಕೆಂದರೆ ನೀನು ಎಲ್ಲವನ್ನೂ ನೋಡಿದೆ, ನಿನ್ನನ್ನು ಮಾತ್ರ ನೋಡಿಕೊಳ್ಳಲಿಲ್ಲ. ಅದನ್ನು ನಾನು ನೋಡಿದೆ.

ಹಡಗು ಬಂದಿಲ್ಲವೆಂದು ನಾವು ಅಗೆಯಲು ಶುರುಮಾಡಿದ್ದೆವು. ಮೊಣಕಾಲಿನ ಆಳವಾಗಿತ್ತು ಅಷ್ಟೆ. ಹಿಂದಿನಿಂದ, "ಗುದ್ದಲಿ ಬಿಡಿ ಅತ್ತೆ, ತಲೆಗೆ ಏಟು ಬೀಳುತ್ತೆ" ಎಂದು ಕೇಳಿಸಿತು. ನಿನ್ನತ್ತೆ ಬೆಚ್ಚಿ ಗುಂಡಿಯೊಳಗೇ ಕೂತುಬಿಟ್ಟಳು. ಆಲೂಗಡ್ಡೆ ಲಾರಿಗಳ ಜೊತೆ ಸರಕಿನ ಹಡಗಿನಲ್ಲಿ ವಾಂತಿ ಮಾಡಿಕೊಂಡು ಬಂದವಳು, ಮುಖ ತೊಳೆಯದೆ ಸೀದಾ ಗೋರಿಗೆ ಬಂದಿದ್ದೆ. ಚೀಲದಿಂದ ಪುಟ್ಟ ಕರಣೆ ತೆಗೆದೆ, ಬ್ರಷ್ ತೆಗೆದೆ. ಪಾದ್ರಿಗಳು ಕೂಡ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅವನು ಕರಗಿದ್ದ, ಯಾಸೆಮಿ. ಜಿಗುಟು ನೆಲವೋ ಏನೋ, ಜೇನುಮೇಣದ ಬಣ್ಣದಲ್ಲಿ ಚೊಕ್ಕಟವಾಗಿ ಬಂದ. ನಿನ್ನ ಮಾತೂ ಸುಳ್ಳಾಯಿತು, ಅತ್ತೆಯ ಮಾತೂ ಸುಳ್ಳಾಯಿತು. ಅವಳು ಒಪ್ಪುವುದಿಲ್ಲ ಬಿಡು. "ಹುಡುಗಿ ಹಡಗು ಹತ್ತಿದಾಗ್ಲೇ ಮಣ್ಣಿಗೆ ಗೊತ್ತಾಯ್ತು" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ನಾವಾದರೆ ಎಲ್ಲವನ್ನೂ ಒಂದು ಬೋಗುಣಿಗೆ ಹಾಕಿಕೊಳ್ಳುತ್ತೇವೆ. ನೀನು ಬಿಳಿ ಹೊದಿಕೆಯ ಮೇಲೆ ಬಲಗೈ ಬಲಕ್ಕೆ, ಎಡಗೈ ಎಡಕ್ಕೆ, ಬೆರಳಿಗೆ ಬೆರಳು ಜೋಡಿಸಿ ಅವನನ್ನು ಮತ್ತೆ ಮಲಗಿಸಿದೆ. ಎಷ್ಟೋ ಕಾಲದ ಮೇಲೆ ನನ್ನ ಗಂಡನ ಉದ್ದ ಎಷ್ಟಿತ್ತೆಂದು ನೋಡಿದೆ. ಆಮೇಲೆ ಅತ್ತೆ ವೈನಿನ ಶೀಷೆ ಎತ್ತಿದಳು.

"ವೈನ್ ಹಾಕ್ಬೇಡಿ, ಮೂಳೆ ಹಾಳಾಗುತ್ತೆ. ಮೊದಲು ಅಳತೆ ತಗೋಬೇಕು" ಎಂದು ನೀನು ಟೇಪು ಹಿಡಿದು ಅಡ್ಡ ನಿಂತೆ.

"ಅಳತೆ ಯಾಕೆ, ಹೊಸ ಕೋಟು ಹೊಲಿಸ್ತೀಯೇನೆ?" ಎಂದಳು ಅತ್ತೆ.

ಪಾದ್ರಿಗಳ ಗಡ್ಡ ಅಲುಗಿತು. ನಾನು ತಡೆಯಲಾರದೆ ನಕ್ಕೆ. ಸ್ಮಶಾನದಲ್ಲಿ ಅಷ್ಟು ನಕ್ಕಿದ್ದು ಅದೇ ಮೊದಲು. ನೀನೂ ನಕ್ಕೆ, ನಗುತ್ತಲೇ ಕುಸಿದು ಕೂತೆ, ಆಮೇಲೆ ಅಳತೊಡಗಿದೆ. ಅವನು ಸತ್ತ ದಿನ ಅಳದ ನೀನು ಅವತ್ತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಶೀಷೆಯನ್ನು ನೀನೇ ಇಸಿದುಕೊಂಡೆ. ತೊಳೆಯುವಾಗ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಿದೆ. ನನಗೆ ಕೇಳಿಸಲಿಲ್ಲ, ಹೇಳೆಂದು ಕೇಳುವುದೂ ಇಲ್ಲ.

ಮೂರು ದಿನ ನನ್ನ ಪಕ್ಕದಲ್ಲಿ ಮಲಗಿದೆ, ಚೆನ್ನಾಗಿ ಉಂಡೆ. ಆ ಮನೆಯ ಕಡೆ ಮಾತ್ರ ಮುಖ ತಿರುಗಿಸಲಿಲ್ಲ. ಬಂದರಿಗೆ ಹೋಗುವಾಗಲೂ ಸುತ್ತುದಾರಿ ಹಿಡಿದೆ. ಅದನ್ನೂ ನಾನು ನೋಡಿದೆ.

ಅಮ್ಮ


ಥೆಸಲೊನೀಕಿ
15 ಮಾರ್ಚ್ 1987

ಅಮ್ಮ,

ನೀನು ಕೇಳದಿದ್ದರೂ ಹೇಳುತ್ತೇನೆ. "ಅಪ್ಪ, ಸಿಟ್ಟು ಸಾಕಾಯ್ತು. ನೀನೂ ಹೊರೆ ಇಳಿಸ್ಕೋ, ನಾನೂ ಇಳಿಸ್ಕೋತೀನಿ" ಎಂದೆ. ಅಷ್ಟೇ.

ಅಳತೆ ತೆಗೆದುಕೊಳ್ಳಲಿಲ್ಲ, ಆದರೆ ಕಣ್ಣು ಸುಮ್ಮನಿರುತ್ತದೆಯೇ? ಬೆನ್ನಿನ ಕೆಳಗಿನ ಮೂಳೆಗಳು ಕುಸಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಎಡಹೆಗಲಿನ ಕೀಲು ಸವೆದು ಹೊಳಪು ಬಂದಿತ್ತು. ಹಳೆಯ ಕಾಲದ ಕಲ್ಲು ಹೊರುವವರಲ್ಲಿ ಅಂಥದ್ದನ್ನು ನೋಡಿದ್ದೇನೆ, ನೋಡಿದಾಗಲೆಲ್ಲ ಪಾಪ ಎಷ್ಟು ನೋವು ತಿಂದನೋ ಎಂದುಕೊಂಡಿದ್ದೇನೆ. ಅಪ್ಪ ಎಂದಾದರೂ ಬೆನ್ನು ನೋವು ಎಂದಿದ್ದನೇ? ಕಲ್ಲುಗಣಿಯಿಂದ ಆ ಮನೆಯ ಕಲ್ಲುಗಳನ್ನು ಅವನೇ ಹೊತ್ತು ತಂದ ಎಂದು ನೀನು ಹೇಳಿದಾಗ ನಾನು ಕೇಳಿಸಿಕೊಂಡಿರಲಿಲ್ಲ. ಮೂಳೆ ಹೇಳಿದ ಮೇಲೆ ಕೇಳಿಸಿತು.

ಅತ್ತೆಗೆ ಹೇಳು, ಅವರೇ ಗೆದ್ದರು. ನಮ್ಮ ಪ್ರಾಚೀನರು ಕೂಡ ಚಿತೆಯನ್ನು ವೈನಿನಿಂದ ನಂದಿಸಿ ಮೂಳೆ ಆಯ್ದುಕೊಳ್ಳುತ್ತಿದ್ದರಂತೆ. ಅತ್ತೆಯ ಶೀಷೆ ನನ್ನ ಟೇಪಿಗಿಂತ ಬಹಳ ಹಳೆಯದು.

ಅಪ್ಪನನ್ನು ಕ್ಷಮಿಸಿದ್ದೇನೆ, ಮನಸಾರೆ. ಆದರೆ ಆ ಮನೆಗೆ ಕಾಲಿಡಲಾರೆ ಅಮ್ಮ. ಕೆಳಗೆ ಮಗು ಇದೆಯೆಂದು ಗೊತ್ತಿದ್ದು ಮೇಲೆ ಓಡಾಡಲು ನನ್ನಿಂದಾಗದು. ಇದು ಸಿಟ್ಟಲ್ಲ. ಬಾಡಿಗೆಗಾದರೂ ಕೊಟ್ಟುಬಿಡು, ಸುಮ್ಮನೆ ಹಾಳುಬೀಳುವುದು ಬೇಡ.

ನಿನ್ನ,
ಯಾಸೆಮಿ


ನಾಕ್ಸೋಸ್
6 ಏಪ್ರಿಲ್ 1987

ಯಾಸೆಮಿ,

ಬಾಡಿಗೆಗೆ ಕೊಡುವುದಿಲ್ಲ. ನಿನ್ನೆ ಖೋರಾ ಪೇಟೆಗೆ ಬಸ್ಸಿನಲ್ಲಿ ಹೋಗಿ ಪ್ರಾಚ್ಯವಸ್ತು ಕಚೇರಿ ಎಲ್ಲಿದೆ ಎಂದು ನೋಡಿಕೊಂಡು ಬಂದೆ. ಇವತ್ತು ಮತ್ತೆ ಹೋಗಿ ಒಳಗೂ ಹೋದೆ. ಅಲ್ಲಿದ್ದದ್ದು ನಿನ್ನ ವಯಸ್ಸಿನ ಹುಡುಗಿ, ಹೆಸರು ದೆಸ್ಪಿನಾ. ಅವಳೆದುರು ಕೂತು, "ನನ್ನ ಮಗಳಿಗೆ ಅಂತ ಕಟ್ಟಿದ ಮನೆ ಕೆಳಗೆ ಒಂದು ಮಗು ಇದೆ, ಬಂದು ತೆಗೀರಿ" ಎಂದೆ. ಅವಳು ಪೊಲೀಸರಿಗೆ ಫೋನ್ ಮಾಡಲು ಹೋದಳು. ಇಲ್ಲಮ್ಮ, ಹಳೇ ಮಗು, ಎಂದು ಸಮಾಧಾನ ಮಾಡಿದೆ.

ಯಾರಿಗೆ ಗೊತ್ತಿತ್ತು ಎಂದು ಕೇಳಿದಳು. ನನಗೆ, ನನ್ನ ಗಂಡನಿಗೆ ಎಂದೆ. ನಿನ್ನ ಹೆಸರು ಹೇಳಲಿಲ್ಲ.

ನೀನು ಬಾಯಿಗೆ ಬಂದ ಹಾಗೆ ಬೈಯುವ ಮೊದಲು ಒಂದು ಮಾತು ಕೇಳು. ನಿನ್ನಪ್ಪನಿಗೆ ಮೂರು ವರ್ಷಕ್ಕೆ ನಾವು ಬಂದೆವು. ತೆಗೆದೆವು, ತೊಳೆದೆವು, ಹೆಸರು ಹಿಡಿದು ಕರೆದೆವು. ಆ ಮಗುವಿನವರು ಎಲ್ಲಿಗೆ ಹೋದರೋ, ಅದಕ್ಕೆ ಯಾರೂ ಬಂದಿಲ್ಲ. ಇಷ್ಟು ಕಾಲ ಕಾದಿದೆ. ಈ ಊರಿನಲ್ಲಿ ಹೆತ್ತವಳೊಬ್ಬಳು ಇರುವಾಗ ಇನ್ನೂ ಕಾಯಿಸುವುದು ಸರಿಯಲ್ಲ. ದಂಡ ಹಾಕಿದರೆ ಹಾಕಲಿ, ಮುದುಕಿಯ ಹತ್ತಿರ ಏನು ಕಿತ್ತುಕೊಳ್ಳುತ್ತಾರೆ?

ಅಮ್ಮ


ನಾಕ್ಸೋಸ್
28 ಜೂನ್ 1987

ನನ್ನ ಚಿನ್ನ,

ಗುರುವಾರ ನೆಲ ಒಡೆದರು. ನಿನ್ನನ್ನು ಬರಲು ಬಿಡಲಿಲ್ಲವೆಂದು ಬರೆದಿದ್ದೀಯ, ನಿನ್ನ ಮೇಲಿನವರು ಹೇಳಿದ್ದು ಸರಿ, ಸ್ವಂತ ಮನೆಯ ಅಗೆತಕ್ಕೆ ನೀನೇ ಇರಬಾರದು. ನಿನ್ನ ಬದಲು ನಾನಿದ್ದೆ. ದೆಸ್ಪಿನಾ ಒಳ್ಳೆಯ ಹುಡುಗಿ, ಮೂರು ಸಲ ಬಡಿಸಿದರೂ ಬೇಡವೆನ್ನಲಿಲ್ಲ. ಗೋಧಿ ಬೇಯಿಸಿಕೊಂಡು ಹೋಗಿದ್ದೆ, ಶೀಷೆಯೂ ಇತ್ತು. ಶೀಷೆ ನೋಡಿದ ಕೂಡಲೇ ಅವಳು ಬಾಯಿ ತೆರೆದಳು. "ಗೊತ್ತಮ್ಮ, ಹಾಕಲ್ಲ. ನಮ್ಮ ಮನೇಲೂ ನಿನ್ನಂಥೋಳು ಒಬ್ಬಳಿದ್ದಾಳೆ" ಎಂದೆ.

ಈಗ ನೀನು ಕೂತುಕೊಂಡು ಓದು.

ಕಾಂಕ್ರೀಟಿನ ಚಪ್ಪಡಿ ಎತ್ತಿದಾಗ ಕೆಳಗೆ ಜಾಡಿ ಕಾಣಿಸಲಿಲ್ಲ. ಮರ ಕಾಣಿಸಿತು. ದ್ರಾಕ್ಷಿ ತುಳಿಯುವ ಅರ್ಧ ಪೀಪಾಯಿಯನ್ನು ಬೋರಲು ಹಾಕಿದ್ದರು. ಅದನ್ನು ಎತ್ತಿದರೆ ಒಳಗೆಲ್ಲ ಮರಳು. ನಮ್ಮೂರಿನ ಮಣ್ಣಲ್ಲ, ಕಡಲ ದಡದ ಸಣ್ಣ ಮರಳು. ಕತ್ತೆಯ ಮೇಲೆ ಹೇರಿ ತರಲು ಅರ್ಧ ದಿನ ಬೇಕು. ಆ ಮರಳಿನ ನಡುವೆ ಜಾಡಿ, ಒಂದು ಬಿರುಕೂ ಬಿದ್ದಿಲ್ಲ. ಮುಚ್ಚಳದ ಚೂರನ್ನು ಅದರ ಜಾಗದಲ್ಲೇ ಕೂರಿಸಿ, ಜಾರದ ಹಾಗೆ ಸುತ್ತ ಹಸಿ ಜೇಡಿ ಮೆತ್ತಿದ್ದರು. ಜೇಡಿಯಲ್ಲಿ ಬೆರಳಿನ ಗುರುತು ಉಳಿದಿತ್ತು.

ದೆಸ್ಪಿನಾ ಬಹಳ ಹೊತ್ತು ನೋಡಿದಳು. "ಇದನ್ನ ಮುಚ್ಚಿದ್ದು ಯಾರು? ನಾವೇ ಮಾಡಿದ್ರೂ ಇಷ್ಟು ಜೋಪಾನವಾಗಿ ಮಾಡ್ತಿರ್ಲಿಲ್ಲ" ಎಂದಳು. ನನ್ನ ಗಂಡ ಎಂದೆ. ಆ ಹಬ್ಬದ ದಿನ ನಾನೂ ನೀನೂ ದಾರಿಯಲ್ಲಿ ನಿಂತು ಅಳುತ್ತಿದ್ದಾಗ ಅವನು ಇದನ್ನು ಮಾಡುತ್ತಿದ್ದ. ಮರಳು ಮೊದಲೇ ತಂದಿಟ್ಟಿದ್ದನೆಂದರೆ ನೀನು ಬರುವ ಮುಂಚೆಯೇ ಯೋಚನೆ ಮಾಡಿದ್ದ. ನೀನು ಬೈದೆ, ಅವನಿಗೆ ಹಟ ಬಂತು, ಬಾಯಿ ಕಟ್ಟಿತು. ಮುಂದೆ ಸಾಯುವವರೆಗೂ ಬಿಚ್ಚಲಿಲ್ಲ.

ಸಂಜೆ ಮೂಳೆಮನೆಗೆ ಹೋಗಿ ಅವನ ಪೆಟ್ಟಿಗೆಯ ಮುಂದೆ ನಿಂತು ಬಾಯಿ ತುಂಬ ಬೈದೆ. "ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಮಾರಾಯ? ಹುಡುಗಿ ಇಷ್ಟು ವರ್ಷ ಉರಿದುಹೋದ್ಲು, ನಾನು ಇಬ್ಬರ ಮಧ್ಯೆ ಬೆಂದುಹೋದೆ" ಎಂದೆ. ಪಕ್ಕದ ಪೆಟ್ಟಿಗೆಗಳೆಲ್ಲ ಕೇಳಿಸಿಕೊಂಡವು. ಬೈದು ಬೈದು ಸುಸ್ತಾಗಿ ಪೆಟ್ಟಿಗೆಗೆ ಮುತ್ತಿಟ್ಟು ಬಂದೆ.

ಮಗು ಈಗ ಖೋರಾದ ಮ್ಯೂಸಿಯಂನಲ್ಲಿದೆ. ಹೋಗುವ ಮೊದಲು ದೆಸ್ಪಿನಾ ಆ ಲೋಟವನ್ನು ನನ್ನ ಅಂಗೈಯಲ್ಲಿ ಒಂದು ಕ್ಷಣ ಇಟ್ಟಳು. ನಿನಗೆ ಹಾಲು ಕುಡಿಸುತ್ತಿದ್ದ ಲೋಟಕ್ಕಿಂತ ಚಿಕ್ಕದು.

ಒಂದು ಕೋಣೆಗೆ ನೆಲವಿಲ್ಲ ಈಗ. ಉಳಿದದ್ದೆಲ್ಲ ಗುಡಿಸಿದ್ದೇನೆ.

ಅಮ್ಮ


ಥೆಸಲೊನೀಕಿ
9 ಜುಲೈ 1987

ಅಮ್ಮ,

ನಿನ್ನ ಕಾಗದವನ್ನು ಕೆಲಸದ ಜಾಗದಲ್ಲಿ ಓದಿದೆ, ಕೆಸರಿನಲ್ಲಿ ನಿಂತು. ಏನಾಯಿತು ಎಂದು ಎಲ್ಲರೂ ಕೇಳಿದರು. ನಮ್ಮಪ್ಪ ಜಾಡಿ ಮುಚ್ಚಿದ್ದು ಹೇಗೆ ಎಂದು ಅವರಿಗೆಲ್ಲ ವಿವರಿಸಿ ಹೇಳಿದೆ. ಹೇಳುತ್ತ ಹೇಳುತ್ತ ಹೆಮ್ಮೆ ಪಡುತ್ತಿದ್ದೇನೆ ಎಂದು ನನಗೇ ಗೊತ್ತಾಯಿತು.

ನನಗೂ ಆ ವಿಷಯ ಗೊತ್ತಿತ್ತೆಂದು ಕಚೇರಿಗೆ ಬರೆದುಕೊಟ್ಟಿದ್ದೇನೆ. ನೀನೊಬ್ಬಳೇ ಹೊರುವುದು ಬೇಡ. ಬೈದರು, ಬೈಸಿಕೊಂಡೆ. ಕೆಲಸ ಉಳಿದಿದೆ.

ಅವನು ಒಂದು ಮಾತು ಹೇಳಿದ್ದರೆ ಎಂದು ನೀನು ಬೈದಿದ್ದೀಯ. ನಾನೂ ಒಂದು ಮಾತು ಕೇಳಬಹುದಿತ್ತು. ಬಿಡು, ಇಬ್ಬರದೂ ಒಂದೇ ಮೂಳೆ.

ಶನಿವಾರದ ಹಡಗಿಗೆ ಬರುತ್ತೇನೆ. ಸುತ್ತುದಾರಿ ಹಿಡಿಯುವುದಿಲ್ಲ. ನೀಲಿ ಕಿಟಕಿಯಿರುವ ಕೋಣೆಗೆ ನೆಲ ಇದೆ ತಾನೇ? ಅಲ್ಲಿ ಹಾಸಿಗೆ ಹಾಸಿಡು. ಒಂದಲ್ಲ, ಎರಡು ಹಾಸು. ಈ ಸಲ ನೀನು ನನ್ನ ಮನೆಗೆ ಬಂದು ಮಲಗು.

ನಿನ್ನ,
ಯಾಸೆಮಿ